ಸತ್ತ ಸಂವಿಧಾನಕ್ಕೆ ಸಿಕ್ಕ ಸೊನ್ನೆ

2024ರ ಡಿಸೆಂಬರಿನಲ್ಲಿ ಫ್ರಾನ್ಸಿನ ಪ್ರಧಾನಿ ಬಾರ್ನಿಯೇ ಅವರ ಸರ್ಕಾರ ಮೂರೇ ತಿಂಗಳಿಗೆ ಉರುಳಿದಾಗ ಈ ಅಂಕಣದಲ್ಲಿ "ನಾಲ್ಕನೇ ಗಣರಾಜ್ಯದ ದೆವ್ವ ಇನ್ನೂ ಇಳಿದಿಲ್ಲ" ಎಂದು ಒಂದು ಸಾಲು ಬರೆದಿದ್ದೆ. ಯಾರ ದೆವ್ವ, ಸತ್ತದ್ದು ಯಾವಾಗ, ಸುಟ್ಟದ್ದು ಯಾರು ಎಂದು ಅಲ್ಲಿಂದೀಚೆಗೆ ಪತ್ರಗಳು ಬರುತ್ತಲೇ ಇವೆ. ಈ ಸಲದ ಪುಟ ಪೂರ್ತಿ ಅದಕ್ಕೇ ಮೀಸಲು. ಮಳೆ, ಮದುವೆ, ಮೊಮ್ಮಕ್ಕಳ ಮೊಬೈಲು ಬಗ್ಗೆ ಕೇಳಿದವರು ಮುಂದಿನ ಸಂಚಿಕೆಯವರೆಗೆ ತಡೆದುಕೊಳ್ಳಿ.

ಸರ್, ನಾನು ಬಿಎ ಎರಡನೇ ವರ್ಷ. ನಮ್ಮ ನೋಟ್ಸಿನಲ್ಲಿ "ಫ್ರಾನ್ಸಿನ ನಾಲ್ಕನೇ ಗಣರಾಜ್ಯ (1946–58) ಅಸ್ಥಿರತೆಯಿಂದ ಕುಸಿಯಿತು" ಅಂತ ಒಂದೇ ಸಾಲಿದೆ. ಅಷ್ಟೇನಾ?
(ವಿದ್ಯಾರ್ಥಿನಿ, ಹಾಸನ)

ಅಷ್ಟೇ ಅಲ್ಲಮ್ಮ. ಆದರೆ ನಿನ್ನ ನೋಟ್ಸು ನನ್ನದಕ್ಕಿಂತ ಎಷ್ಟೋ ವಾಸಿ. 1973ರಲ್ಲಿ ನಾನು ಬಿಎ ಓದುವಾಗ ಕಾಲೇಜಿನ ಲೈಬ್ರರಿಯಲ್ಲಿ ಫ್ರಾನ್ಸಿನ ಸಂವಿಧಾನದ ಬಗ್ಗೆ ಇದ್ದದ್ದು ಒಂದೇ ಪುಸ್ತಕ. ರಟ್ಟು ಕಿತ್ತುಹೋಗಿತ್ತು, ಪ್ರಕಟವಾದ ವರ್ಷದ ಹಾಳೆ ಗೆದ್ದಲಿನ ಪಾಲಾಗಿತ್ತು. ಅದನ್ನು ನಂಬಿ ಕಿರುಪರೀಕ್ಷೆಯಲ್ಲಿ "ಫ್ರಾನ್ಸಿನ ರಾಷ್ಟ್ರಪತಿಯನ್ನು ಸಂಸತ್ತಿನ ಎರಡೂ ಸದನ ಸೇರಿ ಆರಿಸುತ್ತವೆ, ಅವರಿಗೆ ಹೆಚ್ಚು ಅಧಿಕಾರವಿಲ್ಲ" ಎಂದು ಒಂದೂವರೆ ಪುಟ ಬರೆದೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿ ಪಕ್ಕದಲ್ಲಿ ಬರೆದಿದ್ದರು: "ಇದು ಸತ್ತು ಹದಿನೈದು ವರ್ಷವಾಯಿತು." ಆಮೇಲೆ ನಾನೇ ಮೇಷ್ಟ್ರಾಗಿ ಮೂವತ್ತಮೂರು ವರ್ಷ ಇದನ್ನೇ ಪಾಠ ಮಾಡಿದೆ. ಪಾಠಪಟ್ಟಿಯಲ್ಲಿ ಇದ್ದದ್ದು ಐದನೆಯ ಗಣರಾಜ್ಯ, ಅಂದರೆ 1958ರ ಸಂವಿಧಾನದಿಂದ ಶುರುವಾದದ್ದು. ನಾನು ಪ್ರತಿ ವರ್ಷ ಒಂದು ಪೀರಿಯಡ್ಡು ಕದ್ದು ನಾಲ್ಕನೆಯದಕ್ಕೆ ಕೊಡುತ್ತಿದ್ದೆ.

ಕಥೆ ಶುರುವಾಗುವುದು ಒಂದು ಜೂಜಿನ ಮನೆಯಲ್ಲಿ. 1940ರ ಜುಲೈ 10. ಜರ್ಮನ್ ಸೇನೆ ಪ್ಯಾರಿಸ್ಸಿನಲ್ಲಿ ಕೂತಿದೆ. ಓಡಿಬಂದ ಸಂಸದರೆಲ್ಲ ವಿಶಿ ಎಂಬ ಬಿಸಿನೀರಿನ ಬುಗ್ಗೆಯ ಊರಿನಲ್ಲಿ, ಅಲ್ಲಿನ ಕ್ಯಾಸಿನೋದ ನಾಟಕಶಾಲೆಯಲ್ಲಿ ಸೇರಿದ್ದಾರೆ. ಹೊಸ ಸಂವಿಧಾನ ಬರೆಯುವ ಪೂರ್ಣ ಅಧಿಕಾರವನ್ನು ಎಂಬತ್ತನಾಲ್ಕು ವರ್ಷದ ಮಾರ್ಷಲ್ ಪೆತಾಂ ಕೈಗೆ ಕೊಡಲು 569 ಮಂದಿ ಕೈ ಎತ್ತಿದರು. ಬೇಡ ಎಂದವರು 80. 1870ರಿಂದ ನಡೆದುಬಂದಿದ್ದ ಮೂರನೇ ಗಣರಾಜ್ಯ ಆ ಮಧ್ಯಾಹ್ನ ಮುಗಿಯಿತು. ಆ ಎಂಬತ್ತು ಜನರಲ್ಲಿ ಬೇಕರಿಯವನ ಮಗನೊಬ್ಬನಿದ್ದ, ಹೆಸರು ವ್ಯಾನ್ಸಾಂ ಓರಿಯೋಲ್. ಈ ಹೆಸರು ನೆನಪಿಟ್ಟುಕೋ.

1944ರ ಆಗಸ್ಟ್ 25ರಂದು ಪ್ಯಾರಿಸ್ ಬಿಡುಗಡೆಯಾದಾಗ ನಗರಸಭೆಯ ಕಟ್ಟಡದಲ್ಲಿ, ಜರ್ಮನರ ವಿರುದ್ಧದ ಹೋರಾಟದ ಮುಂದಾಳು ಜನರಲ್ ಡಿಗಾಲ್ ಅವರನ್ನು "ಗಣರಾಜ್ಯವನ್ನು ಘೋಷಿಸಿ" ಎಂದು ಕೇಳಿದರು. ಅವರು ಒಪ್ಪಲಿಲ್ಲ. ಗಣರಾಜ್ಯ ಯಾವತ್ತೂ ಇಲ್ಲವಾಗಿರಲೇ ಇಲ್ಲ, ಇರುವುದನ್ನು ಘೋಷಿಸುವುದೇನು ಎಂಬುದು ಅವರ ವಾದ. ಪೆತಾಂ ನಡೆಸಿದ್ದು ಸರ್ಕಾರವೇ ಅಲ್ಲ ಅನ್ನುವುದು ಅದರ ಒಳಗುಟ್ಟು.

1945ರ ಅಕ್ಟೋಬರ್ 21ರಂದು ಜನರ ಮುಂದೆ ಎರಡು ಪ್ರಶ್ನೆ ಇಟ್ಟರು. ಈಗ ಆರಿಸುವ ಸಭೆ ಹೊಸ ಸಂವಿಧಾನ ಬರೆಯಲೋ? ಬರೆಯುವುದಾದರೆ ಅದರ ಅಧಿಕಾರಕ್ಕೆ ಮಿತಿ ಹಾಕೋಣವೋ? ಮೊದಲನೆಯದಕ್ಕೆ ನೂರಕ್ಕೆ 96 ಜನ ಹೌದು ಎಂದರು. ಮೂರನೇ ಗಣರಾಜ್ಯದ ಹೆಣಕ್ಕೆ ಮಣ್ಣು ಹಾಕಲು ಊರಿಗೂರೇ ಬಂದಂತಾಯಿತು. ಎರಡನೆಯದಕ್ಕೆ ಮೂರರಲ್ಲಿ ಎರಡು ಪಾಲು ಜನ ಹೌದು. ಹುಡುಗಿಯಾದ ನಿನಗೆ ಇನ್ನೊಂದು ವಿಷಯ: ಫ್ರಾನ್ಸಿನ ಹೆಂಗಸರು ರಾಷ್ಟ್ರಮಟ್ಟದ ಮತದಾನದಲ್ಲಿ ಮೊದಲ ಬಾರಿ ಚೀಟಿ ಹಾಕಿದ್ದು ಅವತ್ತೇ. ಮಹಾಕ್ರಾಂತಿ ಮಾಡಿದ ದೇಶ, ಅರ್ಧ ಜನಕ್ಕೆ ಮತದ ಹಕ್ಕು ಕೊಟ್ಟದ್ದು 1944ರ ಏಪ್ರಿಲಿನ ಒಂದು ಸುಗ್ರೀವಾಜ್ಞೆಯಲ್ಲಿ! ಆ ಸಭೆಗೆ 33 ಹೆಂಗಸರು ಗೆದ್ದುಬಂದರು.

ಕೊನೆಗೆ ಬಂದ ಸಂವಿಧಾನದ ದಿನಾಂಕ 1946ರ ಅಕ್ಟೋಬರ್ 27. 106 ವಿಧಿ. ಅದರಲ್ಲಿ ನನಗೆ ಬಲು ಇಷ್ಟವಾದದ್ದು 94ನೆಯದು. ದೇಶದ ನೆಲದ ಪೂರ್ತಿಯೋ ಭಾಗವೋ ಪರಕೀಯ ಸೇನೆಯ ಕೈಲಿರುವಾಗ ಸಂವಿಧಾನದ ತಿದ್ದುಪಡಿಯನ್ನು ಶುರು ಮಾಡುವಂತಿಲ್ಲ, ಮುಂದುವರಿಸುವಂತೆಯೂ ಇಲ್ಲ ಎನ್ನುತ್ತದೆ ಅದು. ಕ್ಯಾಸಿನೋದ ಆ ಮಧ್ಯಾಹ್ನವನ್ನು ಕಾನೂನಿನ ಭಾಷೆಯಲ್ಲಿ ಬರೆದಿಟ್ಟರು ಅಂದುಕೋ. ಕಳ್ಳ ನುಗ್ಗಿದ ಬಾಗಿಲಿಗೆ ಬೀಗ.

ಜನ ಒಂದು ಸಂವಿಧಾನವನ್ನೇ ಮತ ಹಾಕಿ ಸೋಲಿಸಿದ್ದರಂತೆ. ನಿಜವೇ?
(ಅಡಿಕೆ ಬೆಳೆಗಾರರು, ಶಿರಸಿ)

ನಿಜ. ನೆಪೋಲಿಯನ್ನನ ಕಾಲದಿಂದಲೂ ಫ್ರಾನ್ಸಿನಲ್ಲಿ ಜನರನ್ನು ಕೇಳುತ್ತಿದ್ದದ್ದು ಹೌದು ಅನ್ನಿಸಿಕೊಳ್ಳುವುದಕ್ಕೇ. 1946ರ ಮೇ 5ರಂದು ಮೊದಲ ಸಲ "ಬೇಡ" ಬಂತು. ಕಮ್ಯುನಿಸ್ಟರೂ ಸಮಾಜವಾದಿಗಳೂ ಸೇರಿ ಸಭೆಯಲ್ಲಿ 309–249 ಮತಗಳಿಂದ ಪಾಸು ಮಾಡಿಸಿದ ಕರಡು ಅದು. ಒಂದೇ ಸದನ, ಅದರ ಮೇಲೆ ಯಾರ ಹಿಡಿತವೂ ಇಲ್ಲ, ರಾಷ್ಟ್ರಪತಿ ಉತ್ಸವಮೂರ್ತಿ. ಆಗ ಕಮ್ಯುನಿಸ್ಟರು ದೇಶದ ದೊಡ್ಡ ಪಕ್ಷ. ಒಂದೇ ಸದನ ಅವರ ಕೈಗೆ ಸಿಕ್ಕರೆ ಗತಿಯೇನು ಎಂಬ ಹೆದರಿಕೆ ಉಳಿದವರಿಗೆಲ್ಲ. ಕ್ರಿಶ್ಚಿಯನ್ ಡೆಮಾಕ್ರಟರ ಎಮ್‌ಆರ್‌ಪಿ ಪಕ್ಷದ ದ ಮಾಂತೋಂ ಕರಡಿನ ವರದಿಗಾರರಾಗಿದ್ದವರು, ನಡುವೆಯೇ ಕೈಬಿಟ್ಟು ಎದ್ದುಹೋದರು. ಬೇಡ ಎಂದವರು 1 ಕೋಟಿ 5 ಲಕ್ಷಕ್ಕೂ ಮೇಲೆ, ಬೇಕು ಎಂದವರು ಸುಮಾರು 94 ಲಕ್ಷ.

ಮತ್ತೆ ಚುನಾವಣೆ, ಮತ್ತೆ ಸಭೆ, ಮತ್ತೆ ಕರಡು. ಎರಡನೇ ಸದನವೊಂದನ್ನು ಸೇರಿಸಿದರು, ಆದರೆ ಹಲ್ಲು ಕಿತ್ತು ಸೇರಿಸಿದರು. ಅಕ್ಟೋಬರ್ 13ಕ್ಕೆ ಇನ್ನೊಂದು ಜನಮತ. ಒಂದೇ ವರ್ಷದಲ್ಲಿ ಮೂರು ಜನಮತ, ಎರಡು ಚುನಾವಣೆ. ಜನಕ್ಕೆ ರೊಟ್ಟಿಗೇ ರೇಷನ್ ಚೀಟಿ, ಕಲ್ಲಿದ್ದಲಿಲ್ಲ, ಮನೆಯಿಲ್ಲ. ಬೇಕು ಎಂದವರು 93 ಲಕ್ಷ, ಬೇಡ ಎಂದವರು 82 ಲಕ್ಷ, ಮತಗಟ್ಟೆಯ ಕಡೆ ತಲೆಯನ್ನೇ ಹಾಕದವರು 85 ಲಕ್ಷದಷ್ಟು. ಮೂರನೇ ಒಂದು ಪಾಲು ಜನ ಹೋಗಲಿ ಎಂದು ಒಪ್ಪಿದರು, ಒಂದು ಪಾಲು ಒದ್ದರು, ಇನ್ನೊಂದು ಪಾಲು ತಿರುಗಿಯೂ ನೋಡಲಿಲ್ಲ ಎಂದು ಡಿಗಾಲ್ ಹಂಗಿಸಿದ್ದು ಇದಕ್ಕೇ.

ಅವರು ಆ ಹೊತ್ತಿಗೆ ಮನೆ ಸೇರಿದ್ದರು. ಪಕ್ಷಗಳ ಜಗ್ಗಾಟ ಸಾಕಾಗಿ ತಾತ್ಕಾಲಿಕ ಸರ್ಕಾರದ ಮುಖ್ಯಸ್ಥನ ಹುದ್ದೆಗೆ ಜನವರಿ 20ರಂದೇ ರಾಜೀನಾಮೆ ಕೊಟ್ಟಿದ್ದರು. ಜೂನ್ 16ರಂದು ನಾರ್ಮಂಡಿಯ ಬಾಯೂ ಎಂಬ ಸಣ್ಣ ಊರಿನಲ್ಲಿ ಭಾಷಣ ಮಾಡಿ, ಪಕ್ಷಗಳ ಮೇಲೆ ನಿಲ್ಲುವ ಗಟ್ಟಿ ರಾಷ್ಟ್ರಪತಿ ಬೇಕು ಎಂದರು. ಆವಾಗ ಯಾರೂ ಕಿವಿಗೊಡಲಿಲ್ಲ. ಹನ್ನೆರಡು ವರ್ಷದ ನಂತರ ಅದೇ ಭಾಷಣ ಸಂವಿಧಾನವಾಯಿತು.

ಸರ್ಕಾರಗಳು ಹಾಗೆ ಪದೇ ಪದೇ ಬೀಳುವುದಕ್ಕೆ ಸಂವಿಧಾನ ಬರೆದವರ ತಪ್ಪೋ, ಆಳಿದವರ ತಪ್ಪೋ?
(ನಿವೃತ್ತ ಬ್ಯಾಂಕ್ ನೌಕರರು, ಹುಬ್ಬಳ್ಳಿ)

ನೀವು ಲೆಕ್ಕದವರು, ಲೆಕ್ಕದಲ್ಲೇ ಹೇಳುತ್ತೇನೆ. ಬರೆದವರು ದಡ್ಡರಲ್ಲ. ಸರ್ಕಾರ ಬೀಳುವ ರೋಗ ಮೂರನೇ ಗಣರಾಜ್ಯದಿಂದಲೇ ಅವರಿಗೆ ಗೊತ್ತಿತ್ತು, ಮದ್ದನ್ನೂ ಬರೆದಿದ್ದರು.

ಮೊದಲ ಮದ್ದು 45ನೇ ವಿಧಿ. ಪ್ರಧಾನಿ ಆಗುವವನು ಮೊದಲು ಒಬ್ಬನೇ ಸದನದ ಮುಂದೆ ನಿಂತು ಒಟ್ಟು ಸದಸ್ಯಬಲದ ಅರ್ಧಕ್ಕಿಂತ ಹೆಚ್ಚು ಮತ ಪಡೆಯಬೇಕು, ಆಮೇಲೆ ತನಗೆ ಬೇಕಾದ ಮಂತ್ರಿಗಳನ್ನು ಆರಿಸಿಕೊಳ್ಳಬೇಕು. ಮಂತ್ರಿಗಿರಿಯ ಚೌಕಾಶಿ ತಪ್ಪಲಿ ಎಂಬ ಆಸೆ. ಈ ವಿಧಿಯಡಿ ಬಂದ ಮೊಟ್ಟಮೊದಲ ಪ್ರಧಾನಿ ಪೋಲ್ ರಮಾದಿಯೇ 1947ರ ಜನವರಿ 21ರಂದು ಮತ ಪಡೆದರು, ಮಂತ್ರಿಗಳನ್ನು ಗೊತ್ತು ಮಾಡಿದರು, ಮತ್ತೆ ಸದನಕ್ಕೆ ಬಂದು "ಇವರೂ ಒಪ್ಪಿಗೆಯೇ?" ಎಂದು ಕೇಳಿದರು! ಗಂಡನ್ನು ಒಪ್ಪಿದ ಮೇಲೆ ಬೀಗರ ಪಟ್ಟಿಗೂ ಒಪ್ಪಿಗೆ ಕೇಳಿದ ಹಾಗೆ. ಯಾವ ಚೌಕಾಶಿ ತಪ್ಪಲಿ ಎಂದಿದ್ದರೋ ಅದು ಒಂದು ವಾರದೊಳಗೆ ಹಿಂಬಾಗಿಲಿನಿಂದ ಒಳಗೆ ಬಂತು. ತಪ್ಪು ಯಾರದು ಎಂದಿರಲ್ಲ, ಇದು ನೂರಕ್ಕೆ ನೂರು ಆಳಿದವರದು.

ಎರಡನೆಯದರಲ್ಲೇ ನಿಜವಾದ ಮೋಜು. ಸರ್ಕಾರವನ್ನು ಇಳಿಸಬೇಕಾದರೂ ಒಟ್ಟು ಸದಸ್ಯಬಲದ ಅರ್ಧಕ್ಕಿಂತ ಹೆಚ್ಚು ವಿರೋಧ ಮತ ಬೇಕು. ಹದಿನೆಂಟು ತಿಂಗಳೊಳಗೆ ಎರಡು ಸರ್ಕಾರ ಹೀಗೆ ಬಿದ್ದರೆ ಸದನವನ್ನೇ ವಿಸರ್ಜಿಸಬಹುದು. ಸದಸ್ಯರಿಗೆ ಚುನಾವಣೆಯೆಂದರೆ ಚಳಿಜ್ವರ. ಏನು ಮಾಡಿದರು? ವಿರೋಧ ಮತಗಳನ್ನು ತಕ್ಕಡಿಯಲ್ಲಿಟ್ಟು ತೂಗಿದರು. ಪರವಾಗಿ 200, ವಿರೋಧವಾಗಿ 290 ಬಿತ್ತು ಅನ್ನಿ. ಸರ್ಕಾರಕ್ಕೆ ಮುಖಭಂಗ, ಪ್ರಧಾನಿ ಮಾನ ಉಳಿಸಿಕೊಳ್ಳಲು ರಾಜೀನಾಮೆ ಕೊಡುತ್ತಾರೆ. ಆದರೆ 290 ಅಂದರೆ ಅರ್ಧಬಲ ಮುಟ್ಟಿಲ್ಲ, ಆದ್ದರಿಂದ ಸಂವಿಧಾನದ ಲೆಕ್ಕದಲ್ಲಿ ಸರ್ಕಾರ "ಬಿದ್ದೇ ಇಲ್ಲ", ವಿಸರ್ಜನೆಯ ಮಾತೂ ಇಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಹನ್ನೆರಡು ವರ್ಷದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸರ್ಕಾರ ಬಂದುಹೋದವು, ನಿಯಮದ ಪ್ರಕಾರ ಬಿದ್ದವು ಬೆರಳೆಣಿಕೆ.

ಒಂದೇ ಒಂದು ಸಲ ತಕ್ಕಡಿ ತಪ್ಪಿತು. 1955ರ ಫೆಬ್ರವರಿಯಲ್ಲಿ ಪ್ರಧಾನಿ ಮೆಂಡೆಸ್ ಫ್ರಾನ್ಸ್ ಅವರ ಸರ್ಕಾರ 319 ವಿರೋಧ ಮತಗಳಿಂದ ಬಿದ್ದಿತ್ತು. ನವೆಂಬರ್ 29ರಂದು ಎಡ್ಗಾರ್ ಫೋರ್ ಸರ್ಕಾರಕ್ಕೆ 318 ವಿರೋಧ, 218 ಪರ. ನಾಲ್ಕಾರು ಮತ ಜಾಸ್ತಿಯಾಗಿ ಗೆರೆ ದಾಟಿಹೋಯಿತು. ಫೋರ್ ತಡಮಾಡಲಿಲ್ಲ, ಡಿಸೆಂಬರ್ 2ರಂದು ಸದನ ವಿಸರ್ಜಿಸಿದರು. 1877ರ ನಂತರ ಫ್ರಾನ್ಸಿನಲ್ಲಿ ಯಾರೂ ಆ ಧೈರ್ಯ ಮಾಡಿರಲಿಲ್ಲ.

13ನೇ ವಿಧಿಯ ಕಥೆಯೂ ಹೀಗೇ. ಕಾನೂನು ಮಾಡುವ ಅಧಿಕಾರ ಸದನದ್ದು ಮಾತ್ರ, ಅದನ್ನು ಇನ್ನೊಬ್ಬರಿಗೆ ವಹಿಸುವಂತಿಲ್ಲ ಎಂದು ಬರೆದರು. 1948ರಲ್ಲೇ ಬೇರೆ ಹೆಸರಿಟ್ಟು ವಹಿಸಿದರು. ಅವರು ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ.

ಇಷ್ಟಾದರೂ ಇದನ್ನು ಬರೀ ಗೊಂದಲದ ಕಾಲ ಎನ್ನಬೇಡಿ. ಕಲ್ಲಿದ್ದಲು–ಉಕ್ಕಿನ ಐರೋಪ್ಯ ಒಕ್ಕೂಟ, 1957ರ ರೋಮ್ ಒಪ್ಪಂದ, ಸಾಮಾಜಿಕ ಭದ್ರತೆಯ ವ್ಯವಸ್ಥೆ ಬೇರೂರಿದ್ದು, ಕೈಗಾರಿಕೆ ಚೇತರಿಸಿಕೊಂಡದ್ದು ಎಲ್ಲವೂ ಇದೇ ಬಿದ್ದೇಳುವ ಸರ್ಕಾರಗಳ ಕೆಲಸ.

ರಾಷ್ಟ್ರಪತಿ ಚುನಾವಣೆಗೆ ಹದಿಮೂರು ಸುತ್ತು ನಡೆದಿತ್ತಂತೆ?
(ಪಂಚಾಯತಿ ಸದಸ್ಯರು, ಚನ್ನರಾಯಪಟ್ಟಣ)

ಹೌದು, 1953ರ ಡಿಸೆಂಬರ್ 17ರಿಂದ 23ರವರೆಗೆ, ವರ್ಸೇಯ್ ಅರಮನೆಯಲ್ಲಿ. ಮೊದಲ ರಾಷ್ಟ್ರಪತಿ ಓರಿಯೋಲ್ 1947ರಲ್ಲಿ ಒಂದೇ ಸುತ್ತಿಗೆ ಗೆದ್ದಿದ್ದರು (ಹಾಸನದ ಹುಡುಗಿ, ಬೇಕರಿಯವನ ಮಗ ನೆನಪಿದ್ದಾನೆಯೇ?). ಎರಡನೆಯವರನ್ನು ಆರಿಸುವಷ್ಟರಲ್ಲಿ ಕ್ರಿಸ್‌ಮಸ್ ಬಂದೇಬಿಟ್ಟಿತ್ತು. ಹದಿಮೂರನೇ ಸುತ್ತಿನಲ್ಲಿ ಗೆದ್ದವರು ರೆನೆ ಕೋಟಿ. ಫ್ರೆಂಚ್ ಉಚ್ಚಾರಣೆಗೆ ಹತ್ತಿರವಾಗಿ ಹೇಳಿದರೆ ನಮ್ಮಲ್ಲಿ ಮರದ ಮೇಲಿನ ಪ್ರಾಣಿಯಾಗುತ್ತದೆ. ಒಂದು ವರ್ಷ ಹಾಗೆ ಹೇಳಿ ಇಡೀ ತರಗತಿ ಕೈತಪ್ಪಿತ್ತು. ಅಂದಿನಿಂದ ಕೋಟಿ ಎಂದೇ ಹೇಳುತ್ತೇನೆ.

ಹಾಲು ಕುಡಿದು ಪ್ರಸಿದ್ಧರಾದ ಪ್ರಧಾನಿ ಯಾರು?
(ಹಾಲು ಉತ್ಪಾದಕರ ಸಂಘದ ಸದಸ್ಯರು, ಗುಬ್ಬಿ)

ಮೇಲೆ ಬಿದ್ದುಹೋದರಲ್ಲ, ಮೆಂಡೆಸ್ ಫ್ರಾನ್ಸ್. ವೈನಿನ ದೇಶದಲ್ಲಿ ಶಾಲೆಮಕ್ಕಳಿಗೆ ಹಾಲು ಕೊಡಿಸಿದರು, ತಾವೂ ಎಲ್ಲರೆದುರು ಹಾಲಿನ ಲೋಟ ಎತ್ತಿದರು. ವೈನಿನವರು ಮರೆಯಲಿಲ್ಲ.

ಮಂಗಳೂರಿನಿಂದ ಕಲ್ಲಿಕೋಟೆಗೆ ಹೋಗುವಾಗ ಮಾಹೆ ಸಿಗುತ್ತದೆ. ಅದಕ್ಕೂ ಆ ಸಂವಿಧಾನಕ್ಕೂ ಏನಾದರೂ ನಂಟಿದೆಯೇ?
(ರೈಲ್ವೆ ನಿವೃತ್ತರು, ಮಂಗಳೂರು)

ಮಾಹೆ ಅಂದ ಕೂಡಲೇ ಅಗ್ಗದ ಬಾಟಲಿ ನೆನಪಿಸಿಕೊಳ್ಳುವವರ ನಡುವೆ ನೀವು ಸಂವಿಧಾನ ನೆನಪಿಸಿಕೊಂಡಿರಿ, ಸಂತೋಷ. ನಂಟು ಗಟ್ಟಿಯಾಗಿಯೇ ಇದೆ. ಪಾಂಡಿಚೇರಿ, ಕಾರೈಕಲ್, ಮಾಹೆ, ಯಾನಾಂ, ಚಂದ್ರನಗರ ಈ ಐದೂ ಸೇರಿದ ಫ್ರೆಂಚ್ ಭಾರತಕ್ಕೆ ಪ್ಯಾರಿಸ್ಸಿನ ಸಂವಿಧಾನ ಸಭೆಯಲ್ಲಿ ಒಬ್ಬ ಪ್ರತಿನಿಧಿ ಇದ್ದರು. ನಮ್ಮ ಸಂವಿಧಾನ ಸಭೆ ದೆಹಲಿಯಲ್ಲಿ ಸೇರಿದ್ದು 1946ರ ಡಿಸೆಂಬರ್ 9ರಂದು. ಅದಕ್ಕೂ ಮುಂಚೆಯೇ ನಮ್ಮ ನೆಲದ ಒಬ್ಬರು ಇನ್ನೊಂದು ದೇಶದ ಸಂವಿಧಾನದ ಮೇಲೆ ಮತ ಹಾಕುವ ಸಭೆಯಲ್ಲಿ ಕೂತಿದ್ದರು. ಅದೇ ಸಭೆಯಲ್ಲಿ ಸೆನೆಗಲ್ಲಿನ ಕವಿ ಸೆಂಘೋರ್ ಕೂಡ ಇದ್ದರು. ಅವರು ಫ್ರೆಂಚ್ ವ್ಯಾಕರಣದ ಮೇಷ್ಟ್ರು. ಕರಡಿನ ಭಾಷೆ ತಿದ್ದಲು ಅವರ ಕೈಗೇ ಕೊಟ್ಟಿದ್ದರೆಂದು ಹೇಳುತ್ತಾರೆ. ಆಳಿಸಿಕೊಂಡವರು ಆಳಿದವರ ಕಾಗುಣಿತ ತಿದ್ದುವುದು! ನನಗೆ ಮೇಷ್ಟ್ರಾಗಿ ಇದಕ್ಕಿಂತ ಹೆಚ್ಚಿನ ಖುಷಿ ಬೇಡ.

ಆ ಸಂವಿಧಾನದ 27ನೇ ವಿಧಿ, ಅಲ್ಲಿನ ಜನರ ಒಪ್ಪಿಗೆಯಿಲ್ಲದೆ ಯಾವ ನೆಲವನ್ನೂ ಬಿಟ್ಟುಕೊಡುವಂತಿಲ್ಲ ಎನ್ನುತ್ತಿತ್ತು. ಹಾಗಾಗಿ ಚಂದ್ರನಗರದಲ್ಲಿ 1949ರ ಜೂನ್ 19ರಂದು ಮತದಾನ ನಡೆಯಿತು: ಭಾರತಕ್ಕೆ 7,473, ಫ್ರಾನ್ಸಿಗೆ 114. ಉಳಿದ ನಾಲ್ಕರ ವಿಷಯ ಎಳೆದಾಡಿತು. ಮಾಹೆಯ ಜನ ಕಾಯಲಿಲ್ಲ, ಐ.ಕೆ. ಕುಮಾರನ್ ಅವರ ಮಹಾಜನ ಸಭೆಯ ಹೋರಾಟದಿಂದ 1954ರ ಜುಲೈ 16ರಂದು ಫ್ರೆಂಚ್ ಆಡಳಿತ ಅಲ್ಲಿಂದ ಹೊರಟಿತು. ಅಕ್ಟೋಬರ್ 18ರಂದು ಪಾಂಡಿಚೇರಿ ಬಳಿಯ ಕೀಳೂರಿನಲ್ಲಿ 178 ಚುನಾಯಿತ ಪ್ರತಿನಿಧಿಗಳು ಸೇರಿ 170–8ರಿಂದ ಭಾರತ ಎಂದರು. ನವೆಂಬರ್ 1ಕ್ಕೆ ಆಡಳಿತ ನಮ್ಮ ಕೈಗೆ. ಕಾಗದದ ಮೇಲೆ ಪೂರ್ತಿ ನಮ್ಮದಾದದ್ದು ಮಾತ್ರ 1962ರ ಆಗಸ್ಟ್ 16ಕ್ಕೆ. ಅಷ್ಟರಲ್ಲಿ ಆ 27ನೇ ವಿಧಿಯೇ ಸತ್ತು ನಾಲ್ಕು ವರ್ಷವಾಗಿತ್ತು.

ಎಲ್ಲ ಕಡೆ ಇಷ್ಟು ಸಲೀಸಾಗಿ ನಡೆಯಲಿಲ್ಲ. ಫ್ರಾನ್ಸ್ ತನ್ನ ಬಲವನ್ನು ಯಾವ ಜನರ ಸ್ವಾತಂತ್ರ್ಯದ ವಿರುದ್ಧವೂ ಎಂದಿಗೂ ಬಳಸುವುದಿಲ್ಲ ಎಂದು ಅದೇ ಸಂವಿಧಾನದ ಮುನ್ನುಡಿ ಹೇಳುತ್ತದೆ. ಅಕ್ಟೋಬರ್ 27ಕ್ಕೆ ಈ ಮಾತಿನ ಅಧಿಕೃತ ಘೋಷಣೆಯಾಯಿತು. ನವೆಂಬರ್ 23ಕ್ಕೆ ಫ್ರೆಂಚ್ ತೋಪುಗಳು ವಿಯೆಟ್ನಾಮಿನ ಹೈಫಾಂಗ್ ಬಂದರಿನ ಮೇಲೆ ಬೆಂಕಿ ಉಗುಳಿದವು. ಶಾಯಿ ಒಣಗಿ ತಿಂಗಳಾಗಿರಲಿಲ್ಲ.

ನಮ್ಮ ಸಂವಿಧಾನಕ್ಕೆ ಅದರಿಂದ ಏನು ಬಂತು?
(ವಕೀಲರು, ಚಿತ್ರದುರ್ಗ)

ನೇರವಾಗಿ ಹೆಚ್ಚೇನಿಲ್ಲ. ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಎಂಬ ಮೂರು ಮಾತು ಫ್ರೆಂಚರದ್ದು ಎನ್ನುತ್ತೇವೆ. ಅವು 1789ರ ಪರಂಪರೆಯವು. ನಮ್ಮ ಮಂಗಳೂರು ಕಡೆಯ ಬೆನಗಲ್ ನರಸಿಂಗ ರಾವ್ ಸಂವಿಧಾನ ಸಭೆಯ ಸಲಹೆಗಾರರಾಗಿ 1947ರ ಕೊನೆಯಲ್ಲಿ ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್ ಸುತ್ತಿ ಬಂದರು. ಆ ಪಟ್ಟಿಯಲ್ಲಿ ಪ್ಯಾರಿಸ್ ಇಲ್ಲ. ಹೋಗಿದ್ದರೂ ಆ ವರ್ಷ ಅಲ್ಲಿ ನೋಡಲು ಸಿಗುತ್ತಿದ್ದದ್ದು ಮುಷ್ಕರಗಳು.

ಕೊನೆಗೆ ಸತ್ತದ್ದು ಹೇಗೆ?
(ಪ್ರೌಢಶಾಲಾ ಶಿಕ್ಷಕಿ, ರಾಯಚೂರು)

ಅಲ್ಜೀರಿಯಾದಿಂದ. ಆಗ ಅದು ಫ್ರಾನ್ಸಿನ ಹಿಡಿತದಲ್ಲಿತ್ತು, ಅಲ್ಲಿ ಸ್ವಾತಂತ್ರ್ಯಕ್ಕಾಗಿ ಯುದ್ಧ ನಡೆಯುತ್ತಿತ್ತು. 1958ರ ಮೇ 13ರಂದು ಪ್ಯಾರಿಸ್ಸಿನಲ್ಲಿ ಫ್ಲಿಮ್ಲಾಂ ಎಂಬವರು ಪ್ರಧಾನಿಯಾಗಲು ಸದನದ ಮುಂದೆ ನಿಂತಿದ್ದರೆ, ಅಲ್ಜೀರಿಯಾ ಕೈಬಿಟ್ಟುಹೋದೀತೆಂದು ಹೆದರಿದ ಅಲ್ಲಿನ ಫ್ರೆಂಚರು ರಾಜಧಾನಿ ಅಲ್ಜಿಯರ್ಸಿನಲ್ಲಿ ಸರ್ಕಾರಿ ಕಟ್ಟಡಕ್ಕೆ ನುಗ್ಗಿದರು, ಸೇನಾಧಿಕಾರಿಗಳು ಅವರ ಜೊತೆ ಸೇರಿದರು. ಮೇ 24ಕ್ಕೆ ಪ್ಯಾರಾಚೂಟ್ ಸೈನಿಕರು ಕಾರ್ಸಿಕಾ ದ್ವೀಪವನ್ನು ಹಿಡಿದರು. ಮುಂದಿನ ಗುರಿ ಪ್ಯಾರಿಸ್ ಎಂಬ ಗುಲ್ಲು. ಡಿಗಾಲ್ ಪತ್ರಕರ್ತರನ್ನು ಕರೆದು, ಅರವತ್ತೇಳನೇ ವಯಸ್ಸಿನಲ್ಲಿ ನಾನು ಸರ್ವಾಧಿಕಾರಿಯ ವೃತ್ತಿ ಶುರು ಮಾಡುತ್ತೇನೆಂದುಕೊಂಡಿರಾ ಎಂದು ಕೇಳಿದರು. ರಾಷ್ಟ್ರಪತಿ ಕೋಟಿ, ಡಿಗಾಲ್‌ರನ್ನು ಒಪ್ಪದಿದ್ದರೆ ನಾನೇ ರಾಜೀನಾಮೆ ಕೊಡುತ್ತೇನೆ ಎಂದು ಸಂಸತ್ತಿಗೆ ಹೇಳಿಕಳಿಸಿದರು. ಜೂನ್ 1ರಂದು 329–224ರಿಂದ ಡಿಗಾಲ್ ಪ್ರಧಾನಿ. ಎರಡು ದಿನದ ಮೇಲೆ ಹೊಸ ಸಂವಿಧಾನ ಬರೆಯುವ ಅಧಿಕಾರವೂ ಅವರಿಗೆ.

1940ರ ಹಾಗೆಯೇ ಮತ್ತೆ ಒಬ್ಬ ಮುದಿ ಸೈನಿಕನ ಕೈಗೆ ಲೇಖನಿ. ಪೆತಾಂಗೆ ಕೊಟ್ಟಾಗ ಯಾವ ಕಟ್ಟುಪಾಡನ್ನೂ ಗಟ್ಟಿಯಾಗಿ ಹಾಕಿರಲಿಲ್ಲ. ಈ ಸಲ ಸಾರ್ವತ್ರಿಕ ಮತದಾನ, ಸದನಕ್ಕೆ ಉತ್ತರದಾಯಿತ್ವ, ನ್ಯಾಯಾಂಗದ ಸ್ವಾತಂತ್ರ್ಯ ಎಲ್ಲ ಷರತ್ತಾಗಿ ಬರೆದು, ಜನಮತಕ್ಕೆ ಹಾಕಲೇಬೇಕು ಎಂದರು. 94ನೇ ವಿಧಿಯ ಬೀಗ ಮಾತ್ರ ಕೆಲಸಕ್ಕೆ ಬರಲಿಲ್ಲ. ಅದು ಪರದೇಶದ ಸೇನೆಗೆ ಹಾಕಿದ್ದ ಬೀಗ. ಬಾಗಿಲು ತಟ್ಟಿದ್ದು ಮನೆಯದೇ ಸೇನೆ.

ಅದರಲ್ಲಿ ಈಗ ಉಳಿದಿರುವುದು ಏನಾದರೂ ಇದೆಯೇ?
(ಕಾನೂನು ವಿದ್ಯಾರ್ಥಿ, ಕಲಬುರಗಿ)

ಇದನ್ನೇ ಕಾಯುತ್ತಿದ್ದೆ. ಮುನ್ನುಡಿ ಉಳಿದಿದೆ. ಹೆಂಗಸಿಗೆ ಎಲ್ಲ ಕ್ಷೇತ್ರದಲ್ಲೂ ಗಂಡಿಗೆ ಸಮನಾದ ಹಕ್ಕು, ಕೆಲಸ ಪಡೆಯುವ ಹಕ್ಕು, ಸಂಘ ಕಟ್ಟುವ, ಮುಷ್ಕರ ಹೂಡುವ ಹಕ್ಕು, ಆರೋಗ್ಯದ ರಕ್ಷಣೆ, ಉಚಿತ ಶಿಕ್ಷಣ ಎಲ್ಲ ಅದರಲ್ಲಿವೆ. ಬರೆದವರೇ ಅದನ್ನು ಅಷ್ಟು ನಂಬಿರಲಿಲ್ಲ. ಕಾನೂನುಗಳನ್ನು ಮುನ್ನುಡಿಗೆ ಒರೆ ಹಚ್ಚುವ ಅಧಿಕಾರವನ್ನು ಯಾವ ಸಮಿತಿಗೂ ಕೊಡಲಿಲ್ಲ. ಆದರೆ ಮುಷ್ಕರ ಹೂಡಿ ಅಮಾನತಾದ ಒಬ್ಬ ಸರ್ಕಾರಿ ಅಧಿಕಾರಿ ಮೊಕದ್ದಮೆ ಹಾಕಿದರು. 1950ರ ಜುಲೈ 7ರಂದು ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ ಮುನ್ನುಡಿಯನ್ನು ಹಿಡಿದೇ ತೀರ್ಪು ಬರೆಯಿತು. ಮುಷ್ಕರದ ಹಕ್ಕು ಇದೆ, ಮಿತಿಯೂ ಇದೆ ಎಂದಿತು. ಆ ಅಧಿಕಾರಿ ಸೋತರು, ಹಕ್ಕು ಗೆದ್ದಿತು.

1958ರ ಸಂವಿಧಾನ ತನ್ನ ಮುನ್ನುಡಿಯಲ್ಲಿ "1946ರ ಮುನ್ನುಡಿ" ಎಂದು ಒಂದು ಮಾತು ಸೇರಿಸಿ ಸುಮ್ಮನಾಯಿತು. 1970ರಲ್ಲಿ ಲೇಖಕಿ ಸಿಮೋನ್ ದ ಬೊವಾರ್ ಮತ್ತು ಗೆಳೆಯರು ಒಂದು ಎಡಪಂಥೀಯ ಪತ್ರಿಕೆಯ ಬೆಂಬಲಕ್ಕೆ ಸಂಘ ನೋಂದಾಯಿಸಲು ಹೋದರೆ ಪೊಲೀಸ್ ಮುಖ್ಯಸ್ಥರು ರಸೀದಿ ಕೊಡಲಿಲ್ಲ. ನ್ಯಾಯಾಲಯ ಕೊಡಿ ಎಂದಿತು. ಸರ್ಕಾರ ಕಾನೂನನ್ನೇ ತಿದ್ದಹೊರಟಿತು. ಸೆನೆಟ್ಟಿನ ಅಧ್ಯಕ್ಷರು ಸಾಂವಿಧಾನಿಕ ಮಂಡಳಿಗೆ ದೂರಿದರು; ಹೊಸ ಕಾನೂನು ಸಂವಿಧಾನಕ್ಕೆ ಹೊಂದುತ್ತದೆಯೇ ಎಂದು ನೋಡುವುದು ಅದರ ಕೆಲಸ. ಮಂಡಳಿ ದಾರ ಹಿಡಿದು ಹಿಂದೆ ಹಿಂದೆ ಹೋಯಿತು. 1958ರ ಮುನ್ನುಡಿ 1946ರದನ್ನು ತೋರಿಸುತ್ತದೆ. 1946ರದು "ಗಣರಾಜ್ಯದ ಕಾನೂನುಗಳು ಮನ್ನಿಸಿದ ಮೂಲತತ್ವ" ಎನ್ನುತ್ತದೆ. 1901ರ ಸಂಘಗಳ ಕಾನೂನು ಅಂಥದ್ದೊಂದು. 1971ರ ಜುಲೈ 16ರಂದು ಸರ್ಕಾರದ ತಿದ್ದುಪಡಿಯ ಮುಖ್ಯಭಾಗ ಹಾರಿಹೋಯಿತು.

ಲೆಕ್ಕ ಹಾಕಿ. ನನಗೆ ಸೊನ್ನೆ ಬಂದದ್ದು 1973ರಲ್ಲಿ. ಸತ್ತಿದೆ ಎಂದು ಮೇಷ್ಟ್ರು ಬರೆದ ಸಂವಿಧಾನದ ಮುನ್ನುಡಿ ಎರಡು ವರ್ಷ ಮುಂಚೆಯೇ ಎದ್ದು ಕೂತಿತ್ತು. ಅರ್ಧ ಅಂಕವಾದರೂ ಕೊಡಬಹುದಿತ್ತು.

ಸರ್, ಪ್ಯಾರಿಸ್ ನೋಡಿದ್ದೀರಾ?
(ಗೃಹಿಣಿ, ಸಾಗರ)

ಇಲ್ಲಮ್ಮ. ನಿವೃತ್ತಿಯ ವರ್ಷ ಮನೆಯವಳ ಜೊತೆ ಪಾಂಡಿಚೇರಿಗೆ ಹೋಗಿದ್ದೆ. ಕೆಂಪು ಟೊಪ್ಪಿಗೆಯ ಪೊಲೀಸಿನವನೊಬ್ಬನನ್ನು ನಿಲ್ಲಿಸಿ 27ನೇ ವಿಧಿಯ ಕಥೆ ಹೇಳಲು ಶುರು ಮಾಡಿದೆ. ಅವನು ತಮಿಳಿನಲ್ಲಿ ಬಸ್‌ಸ್ಟ್ಯಾಂಡಿನ ದಾರಿ ತೋರಿಸಿದ.